ಪ್ರಾಚೀನ ಗಣಿತದಲ್ಲಿ ಖಾತವ್ಯವಹಾರ

ಉದ್ದವನ್ನು ಅಗಲದಿಂದ ಗುಣಿಸಿ, ಬಂದ ಲಬ್ಧವನ್ನು ಎತ್ತರದಿಂದ ಗುಣಿಸಿದರೆ ಪೆಟ್ಟಿಗೆಯ ಘನಫಲವು ದೊರೆಯುವುದೆಂಬ ಸೂತ್ರವು ಪಾಠಶಾಲೆಯ ಬಾಲಕರಿಗೂ ತಿಳಿದ ವಿಷಯವಾಗಿದೆ. ಇಷ್ಟು ಸುಲಭವಾದ ಸೂತ್ರಕ್ಕೆ ಚರಿತ್ರೆಯೆಂಬುದೊಂದುಂಟೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಭಾರತೀಯ ಗಣಿತಗ್ರಂಥಗಳನ್ನು ಬಿಚ್ಚಿ ನೋಡಿದವರಿಗೆ ಒಂದು ವಿಶೇಷವು ಕಂಡುಬರುತ್ತದೆ. ಈ ಸೂತ್ರವು ಅಲ್ಲಿ ಪೆಟ್ಟಿಗೆಯ ಪ್ರಸ್ತಾಪದಲ್ಲಿ ಬರುವುದಿಲ್ಲ. ಹಳ್ಳದ ಪ್ರಸ್ತಾಪದಲ್ಲಿ ಬರುತ್ತದೆ. ಆ ಪ್ರಕರಣಕ್ಕೆ ಖಾತವ್ಯವಹಾರವೆಂದು ಹೆಸರು. ಖಾತವೆಂದರೆ ತೋಡಿದುದು: ಬಾವಿ, ಕೊಳ, ಕೆರೆ, ಕೋಟೆಯ ಅಗಳು, ಧಾನ್ಯವನ್ನು ತುಂಬುವ ಹಗೇವು ಇವೆಲ್ಲವೂ ಖಾತಗಳೇ. ಇವುಗಳಲ್ಲಿ ಯಾವುದೂ ಬಡಗಿಯು ಮಾಡಿದ ಪೆಟ್ಟಿಗೆಯಂತೆ ಚೊಕ್ಕವಾಗಿರುವುದಿಲ್ಲ. ಹೀಗಿರಲು, ಪೆಟ್ಟಿಗೆಯ ಸೂತ್ರವನ್ನು ಪೆಟ್ಟಿಗೆಯಲ್ಲದ ವಸ್ತುವಿಗೆ ಆಚಾರ್ಯರು ಹೇಗೆ ಅನ್ವಯಿಸಿದರು, ಏತಕ್ಕಾಗಿ ಅನ್ವಯಿಸಿದರು ಎಂಬುದು ವಿಚಾರಾರ್ಹವಾಗಿದೆ.

೧

ಘನಫಲದ ಲೆಕ್ಕವು ಯಜ್ಞಭೂಮಿಯಲ್ಲಿ, ಅಗ್ನಿಚಯನದ ಇಟ್ಟಿಗೆಗಳ ನಡುವೆ ಹುಟ್ಟಿರಬೇಕೆಂಬುದು ಪೂರ್ವಪಕ್ಷ. ಭಾರತೀಯ ಕ್ಷೇತ್ರಗಣಿತಕ್ಕೆ ಶುಲ್ಬಸೂತ್ರಗಳೇ ಮೂಲವಾದುದರಿಂದ ಘನಗಣಿತಕ್ಕೂ ಅವೇ ಮೂಲವೆಂದು ಊಹಿಸುವುದು ಸಹಜವೇ ಸರಿ. ಆದರೆ ಬೌಧಾಯನನ ಸೂತ್ರಗಳನ್ನು ಪರಿಶೀಲಿಸಿದರೆ ಈ ಊಹೆಯು ನಿಲ್ಲುವುದಿಲ್ಲ. ಚಿತಿಯಲ್ಲಿ ಐದು ಪ್ರಸ್ತಾರಗಳು, ಒಂದೊಂದರಲ್ಲಿ ೨೦೦ ಇಟ್ಟಿಗೆಗಳು, ಒಟ್ಟು ೧೦೦೦. ಚಿತಿಯ ಎತ್ತರವು ಮೊಣಕಾಲುದ್ದ, ಎಂದರೆ ಒಂದು ಜಾನು. ಜಾನುವಿಗೆ ೩೨ ಅಂಗುಲಗಳಾದುದರಿಂದ, ಅದರ ಐದನೆಯ ಒಂದು ಪಾಲಾದ ಇಟ್ಟಿಗೆಯ ದಪ್ಪವು ೬ ಅಂಗುಲ ಮತ್ತು ಒಂದು ಅಂಗುಲದ ಐದರಲ್ಲಿ ಎರಡು ಪಾಲಾಗುತ್ತದೆ. ಈ ದಪ್ಪವು ವಿಧಿಯಿಂದಲೇ ಸ್ಥಿರಪಟ್ಟಿದೆ. ಶ್ಯೇನಾಕಾರವಾಗಲಿ ಚತುರಸ್ರವಾಗಲಿ, ಇಟ್ಟಿಗೆಯ ಮುಖದ ಆಕಾರವು ಬದಲಾಗಬಹುದು, ದಪ್ಪವು ಬದಲಾಗದು. ಮೂರನೆಯ ಮಾನವು ಎಲ್ಲೆಡೆಯಲ್ಲಿಯೂ ಒಂದೇ ಆಗಿರುವಾಗ ಅದರಿಂದ ಗುಣಿಸುವ ಪ್ರಯೋಜನವೇನು? ಶುಲ್ಬಕಾರನಿಗೆ ಕ್ಷೇತ್ರಫಲವೊಂದೇ ಸಮಸ್ಯೆ. ಘನಫಲವು ಸಮಸ್ಯೆಯಾಗಿ ಅವನ ಮುಂದೆ ನಿಲ್ಲಲೇ ಇಲ್ಲ.

ಅದು ಸಮಸ್ಯೆಯಾಗಿ ನಿಂತುದು ಆಳವು ಸ್ಥಿರವಲ್ಲದ ಸ್ಥಳದಲ್ಲಿ, ಎಂದರೆ ಗುದ್ದಲಿಯ ಕೆಲಸದಲ್ಲಿ. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಸೂಚನೆಯಿದೆ. ಅಲ್ಲಿಯ ಮಾನಪ್ರಕರಣದಲ್ಲಿ ೮೪ ಅಂಗುಲಗಳ ವ್ಯಾಮವೆಂಬ ಅಳತೆಯೊಂದು ಹೇಳಲ್ಪಟ್ಟಿದ್ದು, ಹಗ್ಗವನ್ನೂ ಅಗೆತದ ಆಳವನ್ನೂ ಅಳೆಯುವುದಕ್ಕೆ ಅದನ್ನು ವಿನಿಯೋಗಿಸಲಾಗಿದೆ. ಅಗೆಯುವವನ ಕೆಲಸಕ್ಕೆ ಪ್ರತ್ಯೇಕವಾದ ಅಳತೆಯಿದ್ದಿತೆಂದಮೇಲೆ ಆ ಕೆಲಸಕ್ಕೆ ಲೆಕ್ಕವೂ ಇದ್ದಿರಲೇಬೇಕು.

೨

ಸೂತ್ರಗಳ ವಿಚಾರಕ್ಕೆ ಹೋಗುವ ಮುನ್ನ ಪರಿಭಾಷೆಯನ್ನು ಕುರಿತು ಎರಡು ಮಾತು ಅವಶ್ಯಕ. ಆರ್ಯಭಟನು (ಕ್ರಿ.ಶ. ೪೯೯) ಮೂರು ಸಮಸಂಖ್ಯೆಗಳ ಗುಣಲಬ್ಧವನ್ನು ಘನವೆಂದು ಕರೆದು, ಅದೇ ಹೆಸರನ್ನು ದ್ವಾದಶಾಶ್ರಿಗೂ ಕೊಟ್ಟಿದ್ದಾನೆ. ಅಶ್ರಿಯೆಂಬುದಕ್ಕೆ ಮುಖವೆಂದು ಅರ್ಥಮಾಡಿದರೆ ಹನ್ನೆರಡು ಮುಖಗಳ ಯಾವುದೋ ಒಂದು ಘನಾಕೃತಿಯನ್ನು ಕಲ್ಪಿಸಬೇಕಾಗುತ್ತದೆ, ಅದು ಸರಿಯಲ್ಲ. ಅಶ್ರಿಯೆಂದರೆ ಅಂಚು. ಸಮಘನದ ಮೇಲ್ಭಾಗದಲ್ಲಿ ನಾಲ್ಕು, ತಳದಲ್ಲಿ ನಾಲ್ಕು, ನಿಂತಿರುವವು ನಾಲ್ಕು, ಹೀಗೆ ಅಂಚುಗಳು ಹನ್ನೆರಡು, ಮುಖಗಳು ಆರೇ. ಅದರಂತೆಯೇ ಷಡಶ್ರಿಯೆಂದರೆ ಆರು ಅಂಚುಗಳುಳ್ಳ, ತ್ರಿಕೋಣದ ತಳದಿಂದ ಮೊನಚಾಗಿ ಏಳುವ ಆಕೃತಿ.

ಈ ಷಡಶ್ರಿಯ ವಿಷಯದಲ್ಲಿ ಆರ್ಯಭಟನ ಸೂತ್ರವು ತಪ್ಪಿದೆ. ತಳದ ಫಲವನ್ನು ಎತ್ತರದಿಂದ ಗುಣಿಸಿ ಅರ್ಧಮಾಡಬೇಕೆಂದು ಅವನ ಮತ. ಅರ್ಧವಲ್ಲ, ಮೂರನೆಯ ಒಂದು ಪಾಲು ಮಾಡಬೇಕಾದುದು ಯುಕ್ತ. ತ್ರಿಕೋಣವು ಆಯತದ ಅರ್ಧವಾದುದರಿಂದ ಘನದಲ್ಲಿಯೂ ಹಾಗೆಯೇ ಇರಬಹುದೆಂಬ ಸಾದೃಶ್ಯವು ಇದಕ್ಕೆ ಕಾರಣವೆಂದು ಅನುಮಾನಿಸಬಹುದು. ಗ್ರಹಗಣಿತದಲ್ಲಿ ಅಷ್ಟು ಸೂಕ್ಷ್ಮದರ್ಶಿಯಾದ ಆಚಾರ್ಯನು ಇಲ್ಲಿ ಎಡವಿದನೆಂಬುದರಿಂದ ಅವನ ಗೌರವಕ್ಕೆ ಕುಂದಿಲ್ಲ; ಮೂರನೆಯ ಮಾನವು ಎರಡು ಮಾನಗಳ ಬರಿಯ ಮುಂದುವರಿಕೆಯಲ್ಲವೆಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಮೂರನೆಯ ಮಾನದ ಹೆಸರುಗಳೂ ಗಮನಿಸತಕ್ಕವು. ಉದ್ದಕ್ಕೆ ದೈರ್ಘ್ಯ, ಅಗಲಕ್ಕೆ ವಿಸ್ತಾರ ಎಂಬ ಹೆಸರುಗಳು ಎಲ್ಲ ವ್ಯವಹಾರಗಳಿಗೂ ಸಲ್ಲುತ್ತವೆ. ಮೂರನೆಯದಕ್ಕಾದರೋ, ತೋಡುವಲ್ಲಿ ವೇಧ, ಪೇರಿಸುವಲ್ಲಿ ಉಚ್ಛ್ರಯ, ಕೊಯ್ಯುವಲ್ಲಿ ಪಿಂಡ ಎಂದು ಕೆಲಸಕ್ಕೊಂದು ಹೆಸರು. ವೇಧವೆಂಬುದು ಚುಚ್ಚುವ ಅರ್ಥದ ಧಾತುವಿನಿಂದ ಬಂದಿದೆ. ನೆಲವನ್ನು ಚುಚ್ಚಿ ಇಳಿದಷ್ಟು ವೇಧ. ಕನ್ನಡದಲ್ಲಿಯೂ ಆಳ, ಎತ್ತರ, ದಪ್ಪ ಎಂಬ ಮೂರು ಮಾತುಗಳು ಈ ಮೂರು ಸಂದರ್ಭಗಳಲ್ಲಿಯೇ ಹಂಚಿಹೋಗಿವೆ. ವಸ್ತುವೊಂದೇ ಆದರೂ ಅದರ ಮೇಲೆ ನಡೆಯುವ ಕೆಲಸವು ಬೇರೆಯಾದಾಗ ಹೆಸರು ಬೇರೆಯಾಗುತ್ತದೆಯೆಂಬುದನ್ನು ಇಲ್ಲಿ ನೆನಪಿಡಬೇಕು. ಮುಂದಿನ ವಿಚಾರಕ್ಕೆಲ್ಲ ಇದೇ ಬೀಗದ ಕೈ.

೩

ಬ್ರಹ್ಮಗುಪ್ತನು ಕ್ರಿ.ಶ. ೬೨೮ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದ ಗಣಿತಾಧ್ಯಾಯದಲ್ಲಿ ಎಂಟು ವ್ಯವಹಾರಗಳಿವೆ: ಮಿಶ್ರಕ, ಶ್ರೇಢೀ, ಕ್ಷೇತ್ರ, ಖಾತ, ಚಿತಿ, ಕ್ರಾಕಚಿಕ, ರಾಶಿ, ಛಾಯಾ. ಇವುಗಳಲ್ಲಿ ಖಾತ, ಚಿತಿ, ರಾಶಿಗಳು ಘನಗಣಿತಕ್ಕೆ ಸೇರಿದವು. ಅಗೆದುದು, ಪೇರಿಸಿದುದು, ಸುರಿದುದು ಎಂದು ಇವುಗಳನ್ನು ಕನ್ನಡಿಸಬಹುದು. ಸಮಖಾತಕ್ಕೆ ಕ್ಷೇತ್ರಫಲವನ್ನು ವೇಧದಿಂದ ಗುಣಿಸತಕ್ಕದ್ದು. ಸೂಚಿಯಂತೆ ಮೊನಚಾಗಿ ಇಳಿದ ಖಾತಕ್ಕೆ ಅದನ್ನೇ ಮೂರರಿಂದ ಭಾಗಿಸತಕ್ಕದ್ದು ಎಂದು ಅವನ ವಿಧಿ. ಆರ್ಯಭಟನ ಅರ್ಧವು ೧೨೯ ವರ್ಷಗಳಲ್ಲಿಯೇ ಹೀಗೆ ತಿದ್ದಲ್ಪಟ್ಟಿತು.

ಆದರೆ ಸಮಖಾತವೆಂಬುದು ನೆಲದಲ್ಲಿ ಎಲ್ಲಿದೆ? ಒಂದು ಕಡೆ ಬಂಡೆ ಎದುರಾದರೆ ಅಗೆತ ನಿಲ್ಲುತ್ತದೆ. ಇನ್ನೊಂದು ಕಡೆ ಮೆದುವಾದ ಮಣ್ಣು ಸಿಕ್ಕಿದರೆ ಆಳಕ್ಕೆ ಹೋಗುತ್ತದೆ. ಇದಕ್ಕಾಗಿ ಬ್ರಹ್ಮಗುಪ್ತನು ಸಮರಜ್ಜುವೆಂಬ ಉಪಾಯವನ್ನು ಹೇಳಿದನು. ಕ್ರಿ.ಶ. ೮೬೪ರ ಸುಮಾರಿನ ವ್ಯಾಖ್ಯಾನಕಾರನಾದ ಪೃಥೂದಕಸ್ವಾಮಿಯು ಇದಕ್ಕೆ ಕೊಟ್ಟ ಉದಾಹರಣೆಯು ಬಹು ಸ್ವಾರಸ್ಯವಾಗಿದೆ. ಒಂದು ಕೊಳದ ಉದ್ದ ೩೦ ಹಸ್ತ, ಅಗಲ ೮ ಹಸ್ತ. ಉದ್ದದಲ್ಲಿ ಅದು ಐದು ಭಾಗಗಳಾಗಿ ಅಗೆಯಲ್ಪಟ್ಟಿದೆ. ಭಾಗಗಳ ಉದ್ದಗಳು ಕ್ರಮವಾಗಿ ೪, ೫, ೬, ೭, ೮. ಆಳಗಳು ೯, ೭, ೭, ೩, ೨. ಸಮವಾದ ಆಳವೆಷ್ಟು?

ಐದು ಆಳಗಳನ್ನು ಕೂಡಿ ಐದರಿಂದ ಭಾಗಿಸಿದರೆ ೫ ಹಸ್ತ ಮತ್ತು ಐದರಲ್ಲಿ ಮೂರು ಪಾಲು ಬರುತ್ತದೆ. ಆಗ ಘನಫಲ ೧೩೪೪. ಇದು ಅವಸರದ ಲೆಕ್ಕ. ಒಂದೊಂದು ಆಳವನ್ನೂ ಅದು ವ್ಯಾಪಿಸಿರುವ ಉದ್ದದಿಂದ ಗುಣಿಸಿದರೆ ೩೬, ೩೫, ೪೨, ೨೧, ೧೬, ಒಟ್ಟು ೧೫೦. ಇದನ್ನು ೩೦ರಿಂದ ಭಾಗಿಸಲು ಸಮವೇಧವು ಸರಿಯಾಗಿ ೫ ಹಸ್ತ, ಘನಫಲ ೧೨೦೦. ಎರಡಕ್ಕೂ ನಡುವೆ ೧೪೪ ಘನಹಸ್ತಗಳ ಅಂತರವುಂಟು. ಅಗೆದ ಮಣ್ಣಿನ ಅಳತೆಗೆ ಸರಿಯಾಗಿ ಕೂಲಿಯು ಸಲ್ಲುವಲ್ಲಿ ಈ ಅಂತರವು ಕೇವಲ ಅಂಕಿಗಳ ಅಂತರವಲ್ಲ. ಅಗೆಯದ ಮಣ್ಣಿಗೆ ಕೊಟ್ಟ ಹಣ. ಲೆಕ್ಕವು ತಿರುಗಿ ಬಿದ್ದು, ಉದ್ದವಾದ ಭಾಗಗಳೇ ಆಳವಾಗಿದ್ದರೆ, ಅಗೆದ ಮಣ್ಣಿಗೆ ಕೊಡದ ಹಣವಾಗುತ್ತದೆ.

೪

ಬಾಯಿ ಅಗಲವಾಗಿಯೂ ತಳ ಕಿರಿದಾಗಿಯೂ ಇರುವ ಖಾತವು ಇದಕ್ಕಿಂತಲೂ ಕಠಿಣವಾದುದು. ಕೊಳ, ಬಾವಿ, ಅಗಳುಗಳೆಲ್ಲ ಸಾಮಾನ್ಯವಾಗಿ ಹೀಗೆಯೇ. ದಡ ಕುಸಿಯದಿರಲು ಇಳಿಜಾರು ಬೇಕೇ ಬೇಕು. ಇಂತಹುದಕ್ಕೆ ಬ್ರಹ್ಮಗುಪ್ತನು ಮೂರು ಫಲಗಳನ್ನು ಹೇಳಿದ್ದಾನೆ. ಬಾಯಿಯ ಮತ್ತು ತಳದ ಭುಜಗಳನ್ನು ಕೂಡಿ ಅರ್ಧಮಾಡಿ, ಆ ಭುಜಗಳಿಂದ ಕ್ಷೇತ್ರಫಲವನ್ನು ತಂದು ಆಳದಿಂದ ಗುಣಿಸಿದರೆ ವ್ಯಾವಹಾರಿಕಫಲ. ಬಾಯಿಯ ಕ್ಷೇತ್ರಫಲವನ್ನೂ ತಳದ ಕ್ಷೇತ್ರಫಲವನ್ನೂ ಕೂಡಿ ಅರ್ಧಮಾಡಿ ಆಳದಿಂದ ಗುಣಿಸಿದರೆ ಔತ್ರಫಲ. ಇವೆರಡರ ಅಂತರದ ಮೂರನೆಯ ಒಂದು ಪಾಲನ್ನು ವ್ಯಾವಹಾರಿಕಕ್ಕೆ ಕೂಡಿದರೆ ಸೂಕ್ಷ್ಮಫಲ.

ಇದೇ ವಿಧಿಯು ಕರ್ಣಾಟಕದಲ್ಲಿ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಪುನಃ ಕಾಣಿಸಿಕೊಳ್ಳುತ್ತದೆ. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ (ಕ್ರಿ.ಶ. ೮೧೪–೮೭೮) ಪ್ರಶಂಸೆಯು ಆ ಗ್ರಂಥದ ಆದಿಯಲ್ಲಿಯೇ ಇರುವುದರಿಂದ, ಕವಿರಾಜಮಾರ್ಗಕ್ಕೂ ಈ ಗಣಿತಕ್ಕೂ ಒಂದೇ ಆಸ್ಥಾನದ ನೆರಳಿದ್ದಿತೆಂಬುದು ನಿರ್ವಿವಾದ. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಇದನ್ನು ಪ್ರಕಟಿಸಿದಮೇಲೆ ವಿದ್ವಾಂಸರ ಗಮನವು ಇದರ ಕಡೆಗೆ ಹರಿಯಿತು. ಇದರ ಎಂಟನೆಯ ಅಧ್ಯಾಯವೇ ಖಾತವ್ಯವಹಾರ. ಬ್ರಹ್ಮಗುಪ್ತನ ವ್ಯಾವಹಾರಿಕಫಲವನ್ನು ಮಹಾವೀರನು ಕರ್ಮಾಂತಿಕವೆಂದೂ, ಔತ್ರವನ್ನು ಔಂಡ್ರವೆಂದೂ ಕರೆದಿದ್ದಾನೆ. ಕರ್ಮಾಂತವೆಂದರೆ ಕೆಲಸ ನಡೆಯುವ ಸ್ಥಳ; ಅರ್ಥಶಾಸ್ತ್ರದಲ್ಲಿಯೂ ಆ ಮಾತಿಗೆ ಇದೇ ಅರ್ಥವಿದೆ. ಆದುದರಿಂದ ಕರ್ಮಾಂತಿಕಫಲವು ಕೆಲಸದ ಸ್ಥಳದಲ್ಲಿ ಹಗ್ಗ ಹಿಡಿದು ಕಂಡುಕೊಳ್ಳುವ ಫಲವೆಂದು ತಿಳಿಯಬಹುದು. ಅದನ್ನು ಆಚಾರ್ಯನು ಹಳಿಯಲಿಲ್ಲ, ಬಿಡಲೂ ಇಲ್ಲ. ಅದರ ಹೆಸರನ್ನು ಹೇಳಿ, ಪಕ್ಕದಲ್ಲಿ ಇನ್ನೊಂದನ್ನಿಟ್ಟು, ಎರಡರಿಂದ ಸೂಕ್ಷ್ಮವನ್ನು ಸಾಧಿಸಿದನು.

ಮಹಾವೀರನ ಅಧ್ಯಾಯದ ಆರಂಭದಲ್ಲಿಯೇ ಮತ್ತೊಂದು ಅಮೂಲ್ಯವಾದ ಸಂಗತಿಯಿದೆ. ಒಂದು ಘನಹಸ್ತದ ಹಳ್ಳವನ್ನು ತುಂಬಲು ೩೨೦೦ ಪಲಗಳ ಮಣ್ಣು ಬೇಕು. ಅಷ್ಟೇ ಹಳ್ಳವನ್ನು ಅಗೆದರೆ ೩೬೦೦ ಪಲಗಳ ಮಣ್ಣು ಬರುತ್ತದೆ. ಉದ್ದ, ಅಗಲ, ಆಳಗಳು ಎರಡು ಕಡೆಯಲ್ಲಿಯೂ ಒಂದೇ. ತೂಕ ಮಾತ್ರ ಬೇರೆ. ನೆಲದಲ್ಲಿದ್ದ ಮಣ್ಣು ಬಿಗಿಯಾದುದು. ಸುರಿದ ಮಣ್ಣು ಸಡಿಲವಾದುದು. ಈ ಮಾನದಂತೆ ಎಂಟು ಹಳ್ಳಗಳ ಮಣ್ಣು ಒಂಬತ್ತು ಹಳ್ಳಗಳನ್ನು ತುಂಬೀತು. ಚೀನದೇಶದಲ್ಲಿ ಲಿಯು ಹುಯಿಯು ಕ್ರಿ.ಶ. ೨೬೩ರಲ್ಲಿ ವ್ಯಾಖ್ಯಾನ ಬರೆದ ಒಂಬತ್ತು ಅಧ್ಯಾಯಗಳ ಪ್ರಾಚೀನ ಗಣಿತಗ್ರಂಥದಲ್ಲಿಯೂ ಇಂತಹುದೇ ಒಂದು ನಿಯಮವಿದೆ: ನಾಲ್ಕು ಪಾಲು ನೆಲವನ್ನು ಅಗೆದರೆ ಸಡಿಲವಾದ ಮಣ್ಣು ಐದು ಪಾಲು, ದಮ್ಮಸ್ಸು ಮಾಡಿದ ಗಟ್ಟಿ ಮಣ್ಣು ಮೂರು ಪಾಲು. ಸಂಖ್ಯೆಗಳು ಬೇರೆಯಾದುದರಿಂದ ಒಬ್ಬರಿಂದೊಬ್ಬರು ಎರವಲು ಪಡೆದರೆಂದು ಹೇಳಲಾಗದು. ಮಣ್ಣನ್ನು ಅಗೆದು ಹೊತ್ತು ಕಟ್ಟೆ ಕಟ್ಟಿದ ಜನರು ಎಲ್ಲಿಯೇ ಇರಲಿ, ಮೂರು ಸಂಖ್ಯೆಗಳ ಗುಣಲಬ್ಧವು ಮಣ್ಣಿನ ಸಂಪೂರ್ಣ ವೃತ್ತಾಂತವಲ್ಲವೆಂಬುದನ್ನು ಕಂಡುಕೊಂಡೇ ಇರುತ್ತಾರೆ.

ಮುಂದೆ ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ಗಣಿತವನ್ನು ಕನ್ನಡಕ್ಕೆ ತಂದಾಗ, ಅವನ ಪ್ರಸಿದ್ಧ ಗ್ರಂಥಕ್ಕೆ ವ್ಯವಹಾರಗಣಿತವೆಂದೇ ಹೆಸರಾಯಿತು. ವ್ಯವಹಾರವೆಂಬ ಮಾತು ಧರ್ಮಶಾಸ್ತ್ರದಲ್ಲಿ ನ್ಯಾಯಸ್ಥಾನದ ವಿವಾದಕ್ಕೂ ಸಲ್ಲುತ್ತದೆಂಬುದನ್ನು ಇಲ್ಲಿ ಮರೆಯಲಾಗದು. ಕೊಡು–ಕೊಳ್ಳುವಿಕೆಯಿದ್ದಲ್ಲಿ ವಿವಾದ; ವಿವಾದವಿದ್ದಲ್ಲಿ ಲೆಕ್ಕ.

೫

ಕ್ರಿ.ಶ. ೧೧೫೦ರಲ್ಲಿ ಪೂರ್ಣವಾದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಈ ವಿಚಾರವೆಲ್ಲ ಸಂಗ್ರಹವಾಗಿ ನೆಲೆಗೊಂಡಿತು. ಅಲ್ಲಿಯ ಮೊದಲ ಉದಾಹರಣೆಯು ಸಮಖಾತವಲ್ಲ. ಪಕ್ಕಗಳು ಸೊಟ್ಟಗಿರುವ ಖಾತ! ಮೂರು ಸ್ಥಳಗಳಲ್ಲಿ ಅಳೆದಾಗ ಉದ್ದ ೧೦, ೧೧, ೧೨ ಹಸ್ತ. ಅಗಲ ೬, ೫, ೭. ಆಳ ೨, ೪, ೩. ಒಂದೊಂದನ್ನೂ ಕೂಡಿ, ಅಳೆದ ಸ್ಥಳಗಳ ಸಂಖ್ಯೆಯಿಂದ ಭಾಗಿಸಿದರೆ ಸಮಮಿತಿಗಳು ೧೧, ೬, ೩; ಘನಫಲ ೧೯೮. ಸೊಟ್ಟಗಿರುವುದನ್ನು ಮೊದಲು ಪೆಟ್ಟಿಗೆಯಾಗಿ ಮಾಡಿ, ಆಮೇಲೆ ಪೆಟ್ಟಿಗೆಯನ್ನು ಅಳೆಯಬೇಕೆಂಬುದು ಇದರ ತಾತ್ಪರ್ಯ. ಅಳೆಯುವ ಸ್ಥಳಗಳು ಹೆಚ್ಚಿದಷ್ಟೂ ಫಲವು ಸೂಕ್ಷ್ಮವಾಗುವುದೆಂದು ಬುದ್ಧಿವಿಲಾಸಿನಿಯಲ್ಲಿ (ಕ್ರಿ.ಶ. ೧೫೪೫) ಗಣೇಶದೈವಜ್ಞನು ವಿವರಿಸಿದನು.

ಬಾಯಿ–ತಳಗಳು ಭಿನ್ನವಾದ ಕೊಳಕ್ಕೆ ಭಾಸ್ಕರನ ಸೂತ್ರವು ಹೊರನೋಟಕ್ಕೆ ಬೇರೆಯಾಗಿದೆ. ಬಾಯಿಯ ಫಲ, ತಳದ ಫಲ, ಎರಡರ ಭುಜಗಳನ್ನು ಕೂಡಿಸಿ ತಂದ ಫಲ, ಈ ಮೂರರ ಮೊತ್ತವನ್ನು ಆರರಿಂದ ಭಾಗಿಸಿ ಆಳದಿಂದ ಗುಣಿಸಬೇಕು. ಅವನ ಉದಾಹರಣೆಯಲ್ಲಿ ಬಾಯಿ ೧೨ಕ್ಕೆ ೧೦ ಹಸ್ತ, ತಳ ಅದರ ಅರ್ಧ, ಆಳ ೭. ಫಲಗಳು ೧೨೦, ೩೦, ೨೭೦, ಮೊತ್ತ ೪೨೦, ಆರನೆಯ ಪಾಲು ೭೦, ಘನಫಲ ೪೯೦. ಇದೇ ಕೊಳಕ್ಕೆ ಬ್ರಹ್ಮಗುಪ್ತ–ಮಹಾವೀರರ ಮಾರ್ಗವನ್ನು ಹಿಡಿದರೆ ಕರ್ಮಾಂತಿಕವು ೪೭೨½, ಔಂಡ್ರವು ೫೨೫, ಅಂತರ ೫೨½, ಅದರ ಮೂರನೆಯ ಪಾಲು ೧೭½, ಇದನ್ನು ಕರ್ಮಾಂತಿಕಕ್ಕೆ ಕೂಡಿಸಲು ಅದೇ ೪೯೦. ಇದು ಕಾಕತಾಳೀಯವಲ್ಲ. ಕರ್ಮಾಂತಿಕದ ಎರಡು ಪಾಲು, ಔಂಡ್ರದ ಒಂದು ಪಾಲು ಸೇರಿ ಮೂರರಿಂದ ಭಾಗಿಸಿದರೆ ಭಾಸ್ಕರನ ಸೂತ್ರವೇ ಆಗುತ್ತದೆ. ಐದು ಶತಮಾನಗಳ ಅಂತರದಲ್ಲಿ ಸೂತ್ರದ ವೇಷ ಮಾತ್ರ ಬದಲಾಯಿತು. ಒಳಗಿನ ಸತ್ಯವು ಬದಲಾಗಲಿಲ್ಲ.

ಆದರೆ ವೇಷವು ಬದಲಾದಾಗ ಒಂದು ನಷ್ಟವೂ ಆಯಿತು. ಹಳೆಯ ಮಾರ್ಗದಲ್ಲಿ ಮೂರು ಫಲಗಳೂ ಕಣ್ಣಿಗೆ ಕಾಣುತ್ತಿದ್ದವು. ಕರ್ಮಾಂತಿಕದಂತೆ ಕೂಲಿಯನ್ನು ಕೊಟ್ಟರೆ ಅಗೆದವನಿಗೆ ೧೭½ ಘನಹಸ್ತಗಳ ನಷ್ಟ. ಔಂಡ್ರದಂತೆ ಕೊಟ್ಟರೆ ಅಗೆಸಿದವನಿಗೆ ೩೫ ಘನಹಸ್ತಗಳ ನಷ್ಟ. ಹೀಗೆ ಇಬ್ಬರ ಪಕ್ಷವನ್ನೂ ಹೆಸರಿಸಿ, ನಡುವಣ ನ್ಯಾಯವನ್ನು ತೋರುವ ಕ್ರಮವು ಹಳೆಯದು. ಭಾಸ್ಕರನ ಸೂತ್ರವು ತೀರ್ಪನ್ನು ಮಾತ್ರ ಕೊಡುತ್ತದೆ. ವಾದಿ–ಪ್ರತಿವಾದಿಗಳು ಅದರಲ್ಲಿ ಕಾಣಿಸುವುದಿಲ್ಲ. ವ್ಯಾವಹಾರಿಕವೆಂದರೆ ಅಜ್ಞರ ಲೆಕ್ಕವೆಂದು ಅರ್ಥೈಸುವವರು ಈ ಭೇದವನ್ನು ಗಮನಿಸಬೇಕು.

೬

ಪೆಟ್ಟಿಗೆಯು ಕಡೆಗೆ ಪೆಟ್ಟಿಗೆಯಾಗಿಯೇ ಕಾಣಿಸುವುದು ಧಾನ್ಯದ ಅಳತೆಯಲ್ಲಿ. ಉದ್ದ, ಅಗಲ, ದಪ್ಪಗಳು ಒಂದೊಂದು ಹಸ್ತವಾಗಿರುವ ಹನ್ನೆರಡು ಅಂಚುಗಳ ಆಕೃತಿಯು ಘನಹಸ್ತವೆಂದೂ, ಧಾನ್ಯದ ವಿಷಯದಲ್ಲಿ ಅದೇ ಮಾಗಧಖಾರಿಯೆಂದೂ ಲೀಲಾವತಿಯ ಪರಿಭಾಷೆಯಲ್ಲಿ ಹೇಳಿದೆ. ಹಸ್ತಕ್ಕೆ ೨೪ ಅಂಗುಲಗಳಾದುದರಿಂದ ಖಾರಿಗೆ ೧೩,೮೨೪ ಘನಾಂಗುಲಗಳು. ಅದರ ಹದಿನಾರನೆಯ ಪಾಲಾದ ದ್ರೋಣಕ್ಕೆ ೮೬೪. ದ್ರೋಣದ ಕಾಲುಭಾಗವಾದ ಆಢಕಕ್ಕೆ ೨೧೬. ಈ ೨೧೬ ಎಂಬುದು ಆರರ ಘನ. ಎಂದರೆ ಆರಂಗುಲ ಉದ್ದ, ಆರಂಗುಲ ಅಗಲ, ಆರಂಗುಲ ಆಳದ ಪೆಟ್ಟಿಗೆಯೊಂದನ್ನು ಮಾಡಿದರೆ ಅದು ತಾನಾಗಿಯೇ ಆಢಕವಾಗುತ್ತದೆ. ಆದರೂ ಅಳತೆಯು ಅಂಚಿನಲ್ಲಿಯೇ ಮುಗಿಯದು. ಒಣಗಿದ ಗಟ್ಟಿಮರದ ಮಾನಗಳಲ್ಲಿ ಮೇಲಣ ಶಿಖೆಯು, ಎಂದರೆ ತುದಿಗಟ್ಟಿದ ರಾಶಿಯು, ಕಾಲುಭಾಗವಾಗಿರಬೇಕೆಂದು ಅರ್ಥಶಾಸ್ತ್ರದ ಕಟ್ಟಳೆ. ಕೊಳಗ ಖಂಡುಗಗಳಿಂದ ಧಾನ್ಯವನ್ನಷ್ಟೇ ಅಲ್ಲದೆ ಬಿತ್ತುವ ನೆಲವನ್ನೂ ಅಳೆದ ಕನ್ನಡ ಶಾಸನಗಳನ್ನು ಓದುವಾಗ, ಆ ಮಾನವು ಅಂಚಿನ ಮಟ್ಟದ್ದೋ ತುದಿಗಟ್ಟಿದುದೋ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಮೇಲು.

ಚಿತಿವ್ಯವಹಾರವು ಖಾತದ ಪ್ರತಿಬಿಂಬ. ೧೮ ಅಂಗುಲ ಉದ್ದ, ೧೨ ಅಂಗುಲ ಅಗಲ, ೩ ಅಂಗುಲ ದಪ್ಪದ ಇಟ್ಟಿಗೆಗಳಿಂದ ೮ ಹಸ್ತ ಉದ್ದ, ೫ ಹಸ್ತ ಅಗಲ, ೩ ಹಸ್ತ ಎತ್ತರದ ಚಿತಿಗೆ ೨೫೬೦ ಇಟ್ಟಿಗೆಗಳು, ೨೪ ಸಾಲುಗಳು ಎಂದು ಭಾಸ್ಕರನ ಲೆಕ್ಕ. ಕ್ರಕಚವ್ಯವಹಾರವಾದರೋ ಭಿನ್ನವಾದುದು. ಮರದ ತೊಲೆಯು ಘನವಸ್ತುವೇ ಆದರೂ ಗರಗಸದವನಿಗೆ ಘನಫಲವನ್ನು ಎಣಿಸುವುದಿಲ್ಲ. ಕೊಯ್ದ ಮುಖಗಳ ಕ್ಷೇತ್ರಫಲವನ್ನು ಎಣಿಸುತ್ತಾರೆ. ಒಂದು ತುದಿಯಲ್ಲಿ ೨೦, ಇನ್ನೊಂದರಲ್ಲಿ ೧೬ ಅಂಗುಲ ದಪ್ಪವಾಗಿ, ೧೦೦ ಅಂಗುಲ ಉದ್ದವಾಗಿರುವ ಮರವನ್ನು ನಾಲ್ಕು ಬಾರಿ ಕೊಯ್ದರೆ ೧೨½ ಹಸ್ತಗಳ ಫಲವೆಂದು ಲೀಲಾವತಿ. ಏಕೆಂದರೆ ಗರಗಸವು ಸವೆಸುವುದು ಮುಖವನ್ನು. ಗುದ್ದಲಿಯು ತೆಗೆಯುವುದು ಒಡಲನ್ನು. ವ್ಯವಹಾರಗಣಿತದಲ್ಲಿ ಅಳೆಯಲ್ಪಡುವುದು ವಸ್ತುವಲ್ಲ, ಅದರಲ್ಲಿ ವ್ಯಯವಾದ ಶ್ರಮ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಾಗಿಲ್ಲ.

೭

ಶಾಸನಗಳಲ್ಲಿಯೂ ಈ ದೃಷ್ಟಿಯ ಉಪಯೋಗವುಂಟು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಡಪಾ ಪ್ರಾಂತದ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಸಂಸ್ಕೃತಶಾಸನವು (ಶಕ ೧೨೯೧, ಕ್ರಿ.ಶ. ೧೩೬೯) ಏರಿಯ ಉದ್ದ ೫೦೦೦, ಅಗಲ ೮, ಎತ್ತರ ೭ ರೇಖಾದಂಡಗಳೆಂದು ಹೇಳುತ್ತದೆ. ಪ್ರತಿದಿನವೂ ಸಾವಿರ ಆಳುಗಳು ದುಡಿದು, ಕಲ್ಲಿಗೆಂದು ನೂರು ಬಂಡಿಗಳು ನಡೆದು, ಎರಡು ವರ್ಷಗಳಲ್ಲಿ ಕೆಲಸವು ಮುಗಿಯಿತಂತೆ. ಮೂರು ಸಂಖ್ಯೆಗಳನ್ನು ಕಂಡೊಡನೆ ಗುಣಿಸಿ ೨,೮೦,೦೦೦ ಘನದಂಡಗಳೆಂದು ಬರೆದುಬಿಡುವುದು ಸುಲಭ. ಆದರೆ ಮಣ್ಣಿನ ಏರಿಯು ತಳದಲ್ಲಿ ಅಗಲವಾಗಿಯೂ ನೆತ್ತಿಯಲ್ಲಿ ಕಿರಿದಾಗಿಯೂ ಇರುವಂತಹುದು; ಹಳ್ಳದ ನಡುವೆ ಎತ್ತರವಾಗಿಯೂ ಗುಡ್ಡದ ಬದಿಯಲ್ಲಿ ತಗ್ಗಾಗಿಯೂ ಇರುವಂತಹುದು. ಎಂಟು ದಂಡಗಳೂ ಏಳು ದಂಡಗಳೂ ಸಮಮಿತಿಗಳಾಗಿದ್ದರೆ ಮಾತ್ರ ಆ ಗುಣಾಕಾರವು ಸಲ್ಲುವುದು. ಶಾಸನದ ಅಂಕಿಗಳನ್ನು ಬಳಸುವ ಚರಿತ್ರಕಾರನು ಲೀಲಾವತಿಯ ಆ ಸೊಟ್ಟ ಖಾತವನ್ನು ಮೊದಲು ನೆನೆಯುವುದು ಕ್ಷೇಮ.

ಇಷ್ಟರಿಂದ ಸಿದ್ಧವಾದ ಅಂಶವು ಇದು. ಉದ್ದ, ಅಗಲ, ಆಳಗಳ ಗುಣಾಕಾರವು ಪ್ರಾಚೀನರಿಗೆ ಅಂತ್ಯವಾಗಿರಲಿಲ್ಲ, ಆಶ್ರಯವಾಗಿದ್ದಿತು. ಯಾವ ಉದ್ದ, ಯಾವ ಅಗಲ, ಯಾವ ಆಳ ಎಂಬ ಪ್ರಶ್ನೆಯೇ ಅವರ ನಿಜವಾದ ಗಣಿತ. ಸಮರಜ್ಜು, ಸಮಮಿತಿ, ಕರ್ಮಾಂತಿಕ, ಔಂಡ್ರ, ಸೂಕ್ಷ್ಮ ಎಂಬ ಪದಗಳೆಲ್ಲ ಆ ಪ್ರಶ್ನೆಗೆ ದೊರೆತ ಉತ್ತರಗಳು. ಇವುಗಳ ಹಿಂದೆ, ಹೆಸರು ಉಳಿಯದ ಅಗೆಯುವವರ ಕೂಲಿಯಿದ್ದಿತು. ಲೆಕ್ಕಕ್ಕೂ ಒಂದು ಎಲ್ಲೆಯುಂಟೆಂಬುದನ್ನು ಭಾಸ್ಕರಾಚಾರ್ಯನು ಬಲ್ಲವನಾಗಿದ್ದನು. ಇಟ್ಟಿಗೆಯ ಚಿತಿ, ಕಲ್ಲಿನ ಚಿತಿ, ಖಾತ, ಗರಗಸದ ಕೆಲಸ ಇವುಗಳ ಬೆಲೆಯನ್ನು ವಸ್ತುವಿನ ಮೆದುತನ ಗಡಸುತನಗಳನ್ನು ನೋಡಿ, ಕೆಲಸಗಾರರ ಒಪ್ಪಿಗೆಯಂತೆ ನಿರ್ಣಯಿಸಬೇಕೆಂದು ಅವನು ಆ ಪ್ರಕರಣದಲ್ಲಿಯೇ ವಿಧಿಸಿದ್ದಾನೆ. ೪೯೦ ಘನಹಸ್ತಗಳ ಮರಳೂ ೪೯೦ ಘನಹಸ್ತಗಳ ಬಂಡೆಯೂ ಗಣಿತಕ್ಕೆ ಒಂದೇ. ಗುದ್ದಲಿ ಹಿಡಿದವನಿಗೆ ಒಂದಲ್ಲ.